ಲೋಳೆಮೀನಿಲ್ಲದ ಬಲೆ

ಅಪ್ಪಾ,

ಇವತ್ತು ಮಧ್ಯಾಹ್ನ ಪಕ್ಕದ ಮನೆಯ ಐಲರ್ಟ್ ಮಾವನ ದೋಣಿಯಲ್ಲಿ ಬೆಟ್ಟಗಳ ನಡುವೆ ಒಳಚಾಚಿದ ಫ್ಯೋರ್ಡಿನ ಕಡಲ ನಡುನೀರಿಗೆ ಹೋಗಿದ್ದೆ. ಛತ್ರಿಯಂತೆ ತೇಲುವ ಕೆಂಪು ಲೋಳೆಮೀನುಗಳನ್ನು ಎಣಿಸುವ ಸಂಶೋಧಕಿ ಸಿಗ್ನೆಗಾಗಿ ಬಲೆ ಬಿಟ್ಟಿದ್ದೆವು. ಲೋಳೆ ತಾಗಿ ಉರಿಯದಿರಲೆಂದು ಎಂದಿನಂತೆ ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು ಎಳೆದೆ. ಬಲೆ ಹಗುರವಾಗಿ ಬಂತು.

"ಹರಿದಿದೆಯೇನೋ, ನೋಡೇ," ಎಂದರು ಮಾವ.

ಹರಿದಿರಲಿಲ್ಲ. ನಾವು ಹಿಡಿದು ಮಾರುತ್ತಿದ್ದ ಕಾಡ್ ಮೀನುಗಳು ಹನ್ನೊಂದಿದ್ದವು. ಲೋಳೆಮೀನು ಒಂದೂ ಇರಲಿಲ್ಲ. ಹದಿನೆಂಟು ವರ್ಷ ನೀನೂ ನಾನೂ ಬಲೆಯಿಂದ ಬಕೆಟ್ಟುಗಟ್ಟಲೆ ಕೊಡವಿ ಚೆಲ್ಲಿದ್ದೆವಲ್ಲ, ಅವೆಲ್ಲ ಎಲ್ಲಿಗೆ ಹೋದವು?

ಸಿಗ್ನೆಗೆ ಫೋನ್ ಮಾಡಿದೆ. "ಸತ್ತಿರಬಹುದು, ಆಳಕ್ಕೆ ಇಳಿದಿರಬಹುದು, ಮುಂದಿನ ವಾರ ವಾಪಸ್ ಬಂದ್ರೂ ಬರಬಹುದು. ನಂಗೂ ಗೊತ್ತಾಗ್ತಿಲ್ಲ ಕಣೆ," ಎಂದಳು. ಅಷ್ಟು ಓದಿದವಳಿಗೇ ಗೊತ್ತಿಲ್ಲ. ಹಾಗಾದರೆ ಹೋದ ಚಳಿಗಾಲ ನನಗೆ ಹೇಗೆ ಅಷ್ಟು ಖಚಿತವಾಗಿ ಗೊತ್ತಿತ್ತು?

ಫ್ಯೋರ್ಡ್ ಬರಿದಾಯಿತು, ಇನ್ನು ಮೀನು ಬಾರದು ಎಂಬ ಮಾತನ್ನು ದೋಣಿಯ ಮೇಲೆ ಆಡಬಾರದು ಎನ್ನುತ್ತಿದ್ದೆ ನೀನು. ನಾನು ನಿನ್ನ ದೋಣಿಯ ಮೇಲೆ ನಿಂತೇ ಆಡಿದೆ.

"ಇನ್ನೊಂದು ಚಳಿಗಾಲ ನೋಡೋಣ, ರಾಗ್ನಾ," ಎಂದೆ ನೀನು.

ವಸಂತದಲ್ಲಿ ದೋಣಿಯನ್ನು ಗುಜರಿಗೆ ಹಾಕಿದೆವು. ಅಲ್ಲ, ನಾನು ಹಾಕಿಸಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ನೀನೂ ಇರಲಿಲ್ಲ. ಅದಾದ ಮೇಲೆ ಬಂದ ಮೊದಲ ಚಳಿಗಾಲ ಇದು.

ಹಿಂದಿರುಗುವಾಗ ಮಾವ ನಗುತ್ತಲೇ ಇದ್ದರು. ನನಗೆ ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ.

"ಆ ಕೈಗವಸು ಇನ್ನೂ ಯಾಕೆ ಹಾಕ್ಕೊಂಡಿದೀಯ? ಕೈ ಉರಿಸೋಕೆ ಒಂದೂ ಉಳಿದಿಲ್ವಲ್ಲೇ!"

"ಇನ್ನೊಂದು ಚಳಿಗಾಲ ನೋಡೋಣ, ಮಾವ," ಎಂದೆ. ದಡ ಮುಟ್ಟಿದರೂ ನಾನು ಅದನ್ನು ತೆಗೆಯಲಿಲ್ಲ, ಅಪ್ಪಾ.