ಈ ಅಂದರೆ ಯಾವುದು?

ಮಾರ್ಚ್ 4
ಅಂಗಡಿ ತೆರೆದೆ. ಮೂರು ಗಡ್ಡ, ಒಂದು ತಲೆ. ಅಂಗಡಿ ಹಿತ್ತಲ ನಲ್ಲಿಯಿಂದ ಕ್ಯಾನ್ ತುಂಬಿಸಿ ಮಗಳ ಮನೆಗೆ ಕೊಟ್ಟು ಬಂದೆ. ಏಳು ತಿಂಗಳ ಬಸುರಿ. ನಾನು ಕುಡಿಯುವ ಇಂಥ ಸಿಹಿ ನೀರು ಅವಳ ಬೀದಿಯಲ್ಲೆಲ್ಲಿ? ಹೇಗಿದೆ ಅಂದರೆ ದಿನಾ ಒಂದೇ ಮಾತು — "ಅಮೃತ ಕಣಪ್ಪಾ."
ಮಧ್ಯಾಹ್ನ ಹಸಿವಿಲ್ಲ. ಕತ್ತರಿ ಹಿಡಿಯೋಕೂ ಸುಸ್ತು. ಸೋಮಾರಿತನ ಅಂತಾಳೆ ಹೆಂಡತಿ.

ಮಾರ್ಚ್ 7
ಗಡ್ಡಕ್ಕೆ ಕೂತಿದ್ದ ಮೇಷ್ಟ್ರು ಕನ್ನಡೀಲಿ ನನ್ನ ಮುಖ ನೋಡಿ, "ಕಣ್ಣಿಗೂ ಅರಿಶಿನ ಹಚ್ಕೊಂಡಿದ್ದೀಯೇನಯ್ಯಾ?" ಅಂದರು. ಬಲ್ಬಿನ ದೋಷ ಸಾರ್ ಅಂದೆ. ಬಲ್ಬ್ ಬದಲಾಯಿಸಿದೆ. ಕಣ್ಣು ಬದಲಾಗಲಿಲ್ಲ.

ಮಾರ್ಚ್ 9, ಸಂಜೆ
ನಿನ್ನೆ ಡಾಕ್ಟರಮ್ಮ ಮಾಡಿಸಿದ ರಕ್ತದ ರಿಪೋರ್ಟ್ ಬಂತು. ಲಿವರ್‌ನಲ್ಲಿ ಹೆಪಟೈಟಿಸ್ ಇ. ಮನೆಗೆ ಬಂದು ಹೇಳಿದೆ.
"ಯಾವ ಹೆಪಟೈಟಿಸ್ಸು?"
"ಈ."
"ಈ ಅಂದ್ರೆ ಯಾವುದ್ರೀ?"
"ಈ ಕಣೇ!"
"ಬೆರಳಿಟ್ಟು ತೋರಿಸ್ರೀ, ಎಲ್ಲಿ?"
ಲಿವರ್ ಯಾವ ಕಡೆ ಇದೆಯೋ ಯಾರಿಗೆ ಗೊತ್ತು? ಎಡಗಡೆ ತೋರಿಸಿದೆ. "ಅಯ್ಯೋ, ಅದು ಹೃದಯ!" ಅಂತ ಅಳೋಕೆ ಶುರು.

ಮಾರ್ಚ್ 10
ಇವಳನ್ನೂ ಕರಕೊಂಡು ಮತ್ತೆ ಡಾಕ್ಟರಮ್ಮನ ಹತ್ತಿರ. ತಾಳ್ಮೆಯಿಂದ ಬಿಡಿಸಿ ಹೇಳಿದರು. ಎ, ಬಿ, ಸಿ, ಡಿ ಆದಮೇಲಿನ ಇ. ವೈರಸ್ಸು. ಚರಂಡಿ ಸೇರಿದ ನೀರಿಂದ ಬರುತ್ತೆ. ವಿಶ್ರಾಂತಿ ತಗೊಂಡರೆ ಸಾಮಾನ್ಯವಾಗಿ ತಾನಾಗೇ ಹೋಗುತ್ತೆ. "ಬಸುರಿಯರಿಗೆ ಮಾತ್ರ ಹುಡುಗಾಟ ಅಲ್ಲ. ಜೀವಕ್ಕೇ ಕುತ್ತು."
ಕ್ಯಾನ್ ನೆನಪಾಯ್ತು... ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದೆ.
ಮಗಳನ್ನ ಕರೆಸಿ ರಕ್ತ ಕೊಡಿಸಿದೆವು. ಅಂಗಡಿ ಹಿಂದೆ ಅಗೆಸಿದೆ. ನಲ್ಲಿ ಪೈಪು, ಚರಂಡಿ ಪೈಪು, ಎರಡೂ ಒಡೆದು ಹೊಸ ಬೀಗರ ಹಾಗೆ ಅಪ್ಪಿಕೊಂಡಿವೆ. ಸಿಹಿ ಅಂತೆ, ಸಿಹಿ! ನಲ್ಲಿಗೆ ಬಟ್ಟೆ ಬಿಗಿದು ಬಂದೆ.

ಮಾರ್ಚ್ 11
ರಿಪೋರ್ಟ್ ನಾಳೆಯಂತೆ. ಅಂಗಡಿ ತೆರೆಯಲಿಲ್ಲ.

ಮಾರ್ಚ್ 12
ಏನೂ ಇಲ್ಲ! ಮಗಳಿಗೆ ಏನೂ ಇಲ್ಲ!
ಡಾಕ್ಟರಮ್ಮನಿಗೇ ಆಶ್ಚರ್ಯ. "ದಿನಾ ಅದೇ ನೀರು ಕುಡಿದೂ?"
ಮಗಳು ನೆಲ ನೋಡಿದಳು. "ಅಪ್ಪಾ, ಬೇಜಾರು ಮಾಡ್ಕೋಬೇಡ... ನಿನ್ನ ನೀರು ನಾತ ಹೊಡೀತಿತ್ತು. ಒಂದು ಹನಿನೂ ಕುಡಿದಿಲ್ಲ. ಗುಲಾಬಿ ಗಿಡಕ್ಕೆ ಹಾಕ್ತಿದ್ದೆ."
"ಮತ್ತೆ ಅಮೃತ ಅಂತಿದ್ಯಲ್ಲೇ!"
"ಗುಲಾಬಿಗೆ."
ಜನ್ಮದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಇಷ್ಟು ಖುಷಿನೂ ಆಗಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಹಳದಿ ಕಣ್ಣೀರು ಬರುತ್ತೇನೋ ಅಂತ ಹೆಂಡತಿ ಬಗ್ಗಿ ನೋಡಿದಳು.
ವಾಪಸ್ ಬರುವಾಗ ಮಗಳ ಮನೇಲಿ ಆ ಗುಲಾಬಿ ನೋಡಿದೆ. ಅಂಗೈಯಗಲ ಹೂವು. ಎಲೆ ಮಾತ್ರ ಒಂದಿಷ್ಟು ಹಳದಿ. ಪಾಪ, ಅದಕ್ಕೂ ಈ —