ಬೀಗಿತ್ತಿಯ ಹೊಸ್ತಿಲಲ್ಲಿ

ಅರುಣಾ,

ನಾನು ನಿನ್ನ ಅತ್ತೆ, ಸಂತೇಬೆನ್ನೂರಿನ ಬಂಗಾರಮ್ಮ. ಈ ಮನೆಯಲ್ಲಿ ನನಗೆ ಎದುರಾಡಿದವರಿಲ್ಲ.

ಜ್ವರ ಬಿಟ್ಟ ಮೇಲೂ ನೀನು ಗೋಡೆಗೆ ಮುಖಮಾಡಿ ಮಲಗಿಯೇ ಇದ್ದೆ. ಹೊತ್ತೇರಿದರೂ ಅಂಗಳ ಸಾರಿಸಲಿಲ್ಲವೆಂದು ಸಾರಿಸುವ ಸಗಣಿನೀರನ್ನೇ ನಿನ್ನ ಹಾಸಿಗೆಗೆ ಸುರಿದೆ. ಮೈಗಳ್ಳಿಯೆಂದು ಜಗಳೂರಿನ ತವರಿಗೆ ಅಟ್ಟಿದೆ. ಅಲ್ಲಿಂದ ನಿನ್ನ ಸಾವಿನ ಸುದ್ದಿ ಬಂತು. ಮಣ್ಣಿಗೂ ನಾನು ಬರಲಿಲ್ಲ.

ಮೊನ್ನೆ ನಿನ್ನ ಮಗಳು ಆಶಾಳೂ ಜ್ವರದ ನಂತರ ಹಾಗೆಯೇ ಮಲಗಿದಳು. ಆಸ್ಪತ್ರೆಗೆ ಕರೆದೊಯ್ದೆ.

"ಮಿದುಳಿಗೆ ಬಾವು ಬಂದೈತೆ ಅಜ್ಜಿ, ಅದ್ರಿಂದ ಮನಸ್ಸು ಕುಗ್ಗೈತೆ," ಎಂದರು ಡಾಕ್ಟರು.

"ಮೈಗಳ್ಳತನ ಅಲ್ವೇನ್ರಿ?"

"ಕಾಯಿಲೆ ಕಣ್ರಿ. ಬೇಗ ಕರ್ಕೊಂಡು ಬಂದ್ರಿ, ವಾಸಿ ಆಗ್ತಾಳೆ."

ಇವತ್ತು ಜಗಳೂರಿಗೆ ಹೋಗಿದ್ದೆ. ನಿನ್ನ ತಾಯಿಯ ಹೊಸ್ತಿಲಲ್ಲಿ ನಿಂತು, ಓಣಿಯವರೆಲ್ಲ ಕೇಳುವಂತೆ, "ನಿಮ್ಮ ಮಗಳು ಮೈಗಳ್ಳಿ ಅಲ್ಲ, ತಪ್ಪು ನಂದು," ಎಂದು ಹೇಳಿದೆ. ಬೀಗಿತ್ತಿ ಒಳಗೆ ಕರೆಯಲಿಲ್ಲ. ಹೊರಗಿನಿಂದಲೇ ಕೈಮುಗಿದು ಬಂದೆ.