ಕೊನೇ ಬಸ್ಸು ನಂದೇ

ಅಪ್ಪಾ,

ನೀನು ಏಳೋ ಹೊತ್ತಿಗೆ ನಾನು ಡಿಪೋದಲ್ಲಿರ್ತೀನಿ. ಬುತ್ತಿ ಕಟ್ಟಿಟ್ಟಿದೀನಿ. ಮೊಣಕಾಲಿನ ಪಟ್ಟಿ ಬ್ಯಾಗಿನ ಮೇಲೇ ಇದೆ, ಹಾಕ್ಕೊಂಡೇ ಹೊರಡು. ಏಳೂವರೆ ಬಸ್ಸು ನ್ಯಾಷನಲ್ ಪಾರ್ಕ್ ಗೇಟಿಗೇ ಬಿಡುತ್ತೆ.

ನಿನ್ನ ವಾಚನ್ನ ನಿನ್ನೆ ಸರಿ ಮಾಡಿದೀನಿ. ಹತ್ತು ನಿಮಿಷ ಮುಂದಿಟ್ಕೊಂಡು, ಮುಂದಿದೆಯಲ್ಲ ಅನ್ನೋ ಧೈರ್ಯದಲ್ಲೇ ತಡ ಮಾಡೋನು ಊರಲ್ಲಿ ನೀನೊಬ್ಬನೇ. ಹೋದ ಸಲ ಹಾಗೇ ಹಕ್ಕಿ ನೋಡ್ತಾ ಕೂತೆ. ಕತ್ತಲಾದ ಮೇಲೆ ಪಾರ್ಕಿನ ಗಾರ್ಡು ಟಾರ್ಚ್ ಹಿಡ್ಕೊಂಡು ನಿನ್ನ ಹುಡುಕ್ಬೇಕಾಯ್ತು.

ನೂರು ಸಲ ಹತ್ತಿರೋ ಬೆಟ್ಟ ಅಂತೀಯ. ಹತ್ತಿದ್ದು ನಲವತ್ತರ ಕಾಲು, ಈಗಿರೋದು ಎಪ್ಪತ್ತರದ್ದು. ಮೇಲೆ ಫೋನೂ ಸಿಗಲ್ಲ. ಎಲ್ಲೇ ಇರು, ಎರಡು ಗಂಟೆಗೆ ವಾಪಸ್ ತಿರುಗು.

ಗೇಟಿಂದ ಕೊನೇ ಬಸ್ಸು ನಾಲ್ಕೂ ನಲವತ್ತಕ್ಕೆ. ಓಡಿಸೋಳು ನಾನೇ. ಆದ್ರೆ ಅಪ್ಪ ಬಂದಿಲ್ಲ ಅಂತ ನಿಲ್ಲಿಸೋ ಹಾಗಿಲ್ಲ. ಹೋದ ಸಲ ನಿನಗೋಸ್ಕರ ಕಾದಿದ್ದಕ್ಕೇ ಮೆಮೋ ಬಂದಿದೆ. ಈ ಸಲ ಹೊರಟೇಬಿಡ್ತೀನಿ, ತಿಳ್ಕೋ.

ಬೆಟ್ಟದ ಚಳಿಗೆ ಒಂದೊಂದು ಸಲ ಆ ಬಸ್ಸು ಬೇಗ ಸ್ಟಾರ್ಟ್ ಆಗಲ್ಲ. ಹತ್ತು ನಿಮಿಷ ಹಿಡಿಯುತ್ತೆ. ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ, ಅಪ್ಪಾ.